ಅರವತ್ತೊಂಬತ್ತು ಎಲೆ

2003ರ ಫೆಬ್ರವರಿಯ ಕೊನೆಯ ಭಾನುವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ, ಕಳಸ–ಹೊರನಾಡು ರಸ್ತೆಯ ಪಕ್ಕದಲ್ಲಿರುವ ಪರಮೇಶ್ವರನ ಮನೆಯ ಅಂಗಳಕ್ಕೆ ಮೂರನೆಯ ಜೀಪು ಬಂದು ನಿಂತಿತು. ಒಳಗೆ ಅಡುಗೆಯಾಗಿದ್ದದ್ದು ಅರವತ್ತೊಂಬತ್ತು ಜನಕ್ಕೆ. ಮೂರನೆಯ ಜೀಪಿನಿಂದ ಇಳಿದವರನ್ನೂ ಸೇರಿಸಿದರೆ ಅಂಗಳದಲ್ಲಿ ಆಗಲೇ ನೂರು ದಾಟಿತ್ತು. ಸತ್ಯನಾರಾಯಣ ವ್ರತದ ಕಥೆ ಇನ್ನೂ ಎರಡನೆಯ ಅಧ್ಯಾಯದಲ್ಲಿತ್ತು.

ಅರವತ್ತೊಂಬತ್ತು ಎಂಬ ಸಂಖ್ಯೆ ಬಾಯಿಗೆ ಬಂದಂತೆ ಹೇಳಿದ್ದಲ್ಲ. ಅದನ್ನು ಐದು ಪದ್ಧತಿಗಳಲ್ಲಿ ಪರೀಕ್ಷಿಸಿ, ಒಂದಕ್ಕೊಂದು ಹೋಲಿಸಿ, ಕಂಪ್ಯೂಟರಿನಲ್ಲಿ ತಾಳೆ ನೋಡಿ ಗೊತ್ತುಮಾಡಲಾಗಿತ್ತು. ಇಷ್ಟು ಕಷ್ಟಪಟ್ಟು ತಪ್ಪು ಮಾಡಿದವರು ಕಳಸ ಹೋಬಳಿಯಲ್ಲಿ ಅದುವರೆಗೆ ಯಾರೂ ಇರಲಿಲ್ಲ.

ಪರಮೇಶ್ವರ ಅಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಉಪನ್ಯಾಸಕ. ಕಾಲೇಜಿನಲ್ಲಿ ಆ ವಿಷಯ ತೆಗೆದುಕೊಂಡವರು ಇಬ್ಬರು; ಅವರಲ್ಲಿ ಒಬ್ಬಳು ಅವನ ಮಗಳು ವರ್ಷಿಣಿ. ಕೆಲಸ ಹಗುರವಿದ್ದದ್ದರಿಂದ ಆ ವರ್ಷದ ಜನವರಿಯಲ್ಲಿ ಪ್ರಿನ್ಸಿಪಾಲರು ಅವನನ್ನೇ ಮೈಸೂರಿಗೆ ಒಂದು ವಾರದ ತರಬೇತಿಗೆ ಕಳಿಸಿದರು. ಹಿಂದಿನ ವರ್ಷಗಳ ಅಂಕಿಗಳನ್ನು ಇಟ್ಟುಕೊಂಡು ಮುಂದಿನ ವರ್ಷದ ಅಂಕಿಯನ್ನು ಅಂದಾಜು ಮಾಡುವುದು ಹೇಗೆ ಎಂಬುದು ತರಬೇತಿಯ ವಿಷಯ. ಅಲ್ಲಿ ಉದಾಹರಣೆಗೆ ಕೊಟ್ಟಿದ್ದು ವಿಮಾನ ಪ್ರಯಾಣಿಕರ ಅಂಕಿಗಳು. ಕಳಸದಲ್ಲಿ ವಿಮಾನ ಇಳಿಯುವುದಿಲ್ಲ. ಹಾಗಾಗಿ ಪರಮೇಶ್ವರ ಮನೆಗೆ ಬಂದವನೇ ಅಂಕಿಗಳಿಗಾಗಿ ಸುತ್ತಮುತ್ತ ನೋಡಿದ. ಸಿಕ್ಕಿದ್ದು ಎಲೆ.

ಕಾಫಿ ಕೊಯ್ಲು ಮುಗಿದ ಮೇಲೆ ಅವರ ಮನೆಯಲ್ಲಿ ಪ್ರತಿವರ್ಷ ಒಂದು ಸತ್ಯನಾರಾಯಣ ಪೂಜೆ. ನೆಂಟರು, ಅಕ್ಕಪಕ್ಕದ ಮನೆಗೊಬ್ಬರು, ಪುರೋಹಿತರು, ಇಷ್ಟೇ. ಊಟವಾದ ಮೇಲೆ ಎದ್ದ ಎಲೆ ಎಣಿಸುವುದು ಅವನ ತಂದೆಯ ಕಾಲದಿಂದ ಬಂದ ರೂಢಿ. ಎಂಟು ವರ್ಷದ ಲೆಕ್ಕ ಹೆಂಡತಿ ಸತ್ಯವತಿಯ ತಲೆಯಲ್ಲಿತ್ತು. ಅಡುಗೆಯ ಗೋಪಾಲಯ್ಯನವರಿಗೆ ಎಷ್ಟು ಎಲೆ ಎಂದು ಹೇಳುವುದೂ ಅವಳೇ. ಅವಳ ಕ್ರಮ ಸರಳ: ಹೋದ ವರ್ಷ ಎಷ್ಟು ಜನ ಬಂದರೋ ಈ ವರ್ಷವೂ ಅಷ್ಟಕ್ಕೇ ಅಡುಗೆ.

ಈ ಕ್ರಮ ಎರಡು ವರ್ಷದಿಂದ ಕೈಕೊಟ್ಟಿತ್ತು. 2001ರಲ್ಲಿ ಎಪ್ಪತ್ತೆರಡು ಎಲೆಗೆ ಅಡುಗೆ ಮಾಡಿಸಿದ್ದರೆ ತೊಂಬತ್ತು ಜನ ಬಂದರು. ಪರಮೇಶ್ವರನ ತಮ್ಮ, ವಸ್ತಾರೆಯ ನಾಗಭೂಷಣ, ತನ್ನ ಬೀಗರ ಪೈಕಿ ಒಂದು ವ್ಯಾನಿನಷ್ಟು ಜನರನ್ನು ಹೇಳದೆ ಕೇಳದೆ ಕರೆತಂದಿದ್ದ. ನಾಗಭೂಷಣನ ಮಾವನಿಗೆ ಹೋಳಿಗೆ ಸಿಗಲಿಲ್ಲ. ಮರುವರ್ಷ ಎಚ್ಚರವಹಿಸಿ ತೊಂಬತ್ತಕ್ಕೆ ಮಾಡಿಸಿದರೆ ಬಂದವರು ಅರವತ್ತೆಂಟು. ಉಳಿದ ಹೋಳಿಗೆ ತಿಂದು ಕೊಟ್ಟಿಗೆಯ ಎಮ್ಮೆ ಎರಡು ದಿನ ಮಲಗಿತು.

ನಾಗಭೂಷಣ ಎರಡೂ ಸಂಗತಿಯನ್ನು ಚಿಕ್ಕಮಗಳೂರು ಜಿಲ್ಲೆಯ ಎಲ್ಲ ನೆಂಟರಿಗೂ ತಲುಪಿಸಿದ್ದ. ಆ ವರ್ಷದ ಸಂಕ್ರಾಂತಿಗೆ ಬಂದವನು ನೇರವಾಗಿ ಹೇಳಿಯೂ ಹೇಳಿದ.

"ಅಣ್ಣ, ನಿಂಗೆ ವಯಸ್ಸಾಯ್ತು. ಅತ್ತಿಗೆಗೂ ಕಷ್ಟ. ಈ ಸಲ ಒಂದು ಹೆಚ್ಚುಕಮ್ಮಿ ಆದ್ರೆ ಮುಂದಿನ ವರ್ಷದಿಂದ ಪೂಜೆ ವಸ್ತಾರೆಗೆ ತಗಂಡು ಹೋಗ್ತೀನಿ. ನಮ್ಮನೇಲಿ ಹೊಸ ಹಾಲ್ ಕಟ್ಟಿಸಿದೀನಲ್ಲ."

ಪೂಜೆ ಹಿರಿಯ ಮಗನ ಮನೆಯಿಂದ ಹೋಗುವುದೆಂದರೆ ಹಿರಿತನವೇ ಹೋದಂತೆ. ಸತ್ಯವತಿ ಅವತ್ತು ರಾತ್ರಿ ಊಟ ಮಾಡಲಿಲ್ಲ. ಪರಮೇಶ್ವರ ಊಟ ಮಾಡಿದ. ಆದರೆ ಯೋಚಿಸುತ್ತ ಮಾಡಿದ.

ತರಬೇತಿಯಿಂದ ಬಂದ ಮರುದಿನ ಅವನು ಕಾಲೇಜಿನವರು ಹರಾಜು ಹಾಕಿದಾಗ ತಂದಿದ್ದ ಹಳೆಯ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು, ಹೆಂಡತಿಯನ್ನು ಕರೆದು ಎದುರಿಗೆ ಕೂರಿಸಿಕೊಂಡ.

"ನೋಡು ಸತ್ಯಾ, ಹೋದ ವರ್ಷದ್ದನ್ನೇ ಈ ವರ್ಷಕ್ಕೆ ಹೇಳೋದು ಒಂದು ಪದ್ಧತಿ ಹೌದು. ಇಲ್ಲ ಅಂತಲ್ಲ. ಶಾಸ್ತ್ರದಲ್ಲಿ ಅದಕ್ಕೆ ಮುಗ್ಧ ಪದ್ಧತಿ ಅಂತಾರೆ."

"ಮುಗ್ಧೆ ಆಗಿದ್ದಕ್ಕೇ ಅಲ್ದ ನಿಮ್ಮನ್ನ ಮದುವೆ ಆಗಿದ್ದು" ಎಂದಳು ಸತ್ಯವತಿ. "ಮುಂದೆ ಹೇಳಿ. ಒಲೆ ಮೇಲೆ ಹಾಲಿದೆ."

ಪರಮೇಶ್ವರ ಮುಂದೆ ಹೇಳಿದ. ಎರಡನೆಯದು ಸರಾಸರಿ: ಎಂಟು ವರ್ಷದ್ದನ್ನೂ ಕೂಡಿಸಿ ಎಂಟರಿಂದ ಭಾಗಿಸುವುದು. ಮೂರನೆಯದು ಚಲಿಸುವ ಸರಾಸರಿ: ಕೊನೆಯ ಮೂರು ವರ್ಷವನ್ನಷ್ಟೇ ಹಿಡಿದು, ಹಳೆಯದನ್ನು ಬಿಟ್ಟು ಮುಂದೆ ಹೋಗುವುದು. ನಾಲ್ಕನೆಯದರಲ್ಲಿ ಯಾವುದನ್ನೂ ಬಿಡುವುದಿಲ್ಲ. ಮೊನ್ನೆ ಮೊನ್ನೆಯದಕ್ಕೆ ಹೆಚ್ಚು ತೂಕ, ಹಳೆಯದಾದಷ್ಟೂ ಕಡಿಮೆ ತೂಕ. ಐದನೆಯದರಲ್ಲಿ ಅಂಕಿಗಳ ನಡುವೆ ಒಂದು ಗೆರೆ ಎಳೆದು, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ ಹಾಗೇ ಮುಂದಕ್ಕೆ ಎಳೆಯುವುದು.

"ಇದರಲ್ಲಿ ಸರಿ ಯಾವುದು?"

"ಅದನ್ನ ಪರೀಕ್ಷೆ ಮಾಡಿ ತಿಳ್ಕೋಬೇಕು. ಕೊನೇ ಮೂರು ವರ್ಷದ ಉತ್ತರ ಮುಚ್ಚಿಡೋದು. ಐದೂ ಪದ್ಧತಿಗೆ ಒಂದೊಂದೇ ವರ್ಷ ಕೇಳ್ತಾ ಹೋಗೋದು. ಕಡಿಮೆ ತಪ್ಪು ಯಾರು ಮಾಡ್ತಾರೋ ಅವರೇ ಗೆದ್ದಂಗೆ."

"ತೊಂಬತ್ತು ಬಂದಿದ್ದು ನಾಗಭೂಷಣನ ಬೀಗರಿಂದ. ಅದನ್ನ ನಿಮ್ಮ ಕಂಪ್ಯೂಟರಿಗೆ ಹೇಳಿದ್ರಾ?"

"ಅಂಥವರಿಗೆ ಶಾಸ್ತ್ರದಲ್ಲಿ ಗದ್ದಲ ಅಂತ ಹೆಸರು."

"ಆ ಶಾಸ್ತ್ರ ಬರೆದವರು ನಾಗಭೂಷಣನ ಬೀಗರನ್ನ ನೋಡಿದಾರೆ ಹಾಗಾದ್ರೆ" ಎಂದು ಸತ್ಯವತಿ ಹಾಲಿಳಿಸಲು ಎದ್ದುಹೋದಳು.

ಎರಡು ಸಲ ಕರೆಂಟು ಹೋಗಿ ಬಂದ ಮೇಲೆ ಫಲಿತಾಂಶ ಸಿಕ್ಕಿತು. ಮೂರು ವರ್ಷಕ್ಕೆ ಮುಗ್ಧ ಪದ್ಧತಿ ಮಾಡಿದ ಒಟ್ಟು ತಪ್ಪು ನಲವತ್ತಾರು ಎಲೆ, ಅದೇ ಕೊನೆ. ತೂಕದ್ದು, ಗೆರೆಯದ್ದು, ಚಲಿಸುವ ಸರಾಸರಿ ನಡುವೆ ಬಂದವು. ಮೂವತ್ತನಾಲ್ಕು ಎಲೆ ತಪ್ಪಿನೊಂದಿಗೆ ಗೆದ್ದದ್ದು ಬರೀ ಸರಾಸರಿ. ಈ ವರ್ಷಕ್ಕೆ ಅದು ಹೇಳಿದ ಸಂಖ್ಯೆ ಅರವತ್ತೊಂಬತ್ತು.

ಪರಮೇಶ್ವರನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಗೆಲುವನ್ನು ಪ್ರಕಟಿಸಿದಾಗ ವರ್ಷಿಣಿ, "ಅಪ್ಪ, ಕೂಡಿಸಿ ಭಾಗಿಸೋದು ನಾಲ್ಕನೇ ಕ್ಲಾಸಲ್ಲೇ ಇತ್ತಲ್ಲ?" ಎಂದಳು. ಸತ್ಯವತಿ, "ಇದಕ್ಕೆ ಮೈಸೂರಿಗೆ ಹೋಗಿ ಬಂದ್ರಾ?" ಎಂದಳು. ಸುಲಭದ ಲೆಕ್ಕವೇ ಸರಿಯೆಂದು ಪ್ರಯೋಗದಿಂದ ಸಾಬೀತುಮಾಡುವುದೂ ವಿದ್ವತ್ತೇ ಎಂದು ಅವನು ವಾದಿಸಿದ. ಮನೆಯಲ್ಲಿ ಅದನ್ನು ಯಾರೂ ಒಪ್ಪಲಿಲ್ಲ. ಆಗ ಅವನು, ಈ ಅರವತ್ತೊಂಬತ್ತನ್ನು ಇನ್ನೊಂದು ದಾರಿಯಿಂದಲೂ ಗಟ್ಟಿ ಮಾಡಿಕೊಳ್ಳಬೇಕು, ಮನೆಮನೆಯ ಲೆಕ್ಕ ತರಬೇಕು ಎಂದು ತೀರ್ಮಾನಿಸಿದ. ಸಕ್ಕರೆ ಕಾಯಿಲೆಗೆ ಡಾಕ್ಟರು ವಾಕಿಂಗ್ ಹೇಳಿದ್ದರು. ಆ ನೆಪದಲ್ಲಿ, ಹೆಂಡತಿಗೆ ಹೇಳದೆ, ಸಂಜೆ ಹೊತ್ತು ಒಂದು ಫೈಲು ಹಿಡಿದು ಹೊರಟ.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಕಡೆ ಕರೆಯುವುದಕ್ಕೆ ಒಂದು ಕ್ರಮವಿದೆ. ಫೋನಿನಲ್ಲಿ ಹೇಳಿದರೆ, ದಾರಿಯಲ್ಲಿ ಸಿಕ್ಕಾಗ ಹೇಳಿದರೆ, ಮನೆಗೊಬ್ಬರು ಹೋದರೆ ಸಾಕು. ಮನೆಯ ಯಜಮಾನನೇ ಖುದ್ದಾಗಿ ಬಂದು, ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಇಂಥ ದಿನ ಪೂಜೆ ಎಂದು ಬಾಯಿಬಿಟ್ಟರೆ ಮನೆಮಂದಿಯೆಲ್ಲ ಹೋಗಬೇಕು. ಹೋಗದಿದ್ದರೆ ಅದು ಸಿಟ್ಟಿದೆ ಎಂದು ಹೇಳಿಕಳಿಸಿದಂತೆ. ಇದು ಪರಮೇಶ್ವರನಿಗೂ ಗೊತ್ತಿತ್ತು. ಆದರೆ ತಾನು ಹೋಗುತ್ತಿರುವುದು ಕರೆಯಲು ಅಲ್ಲ, ಮಾಹಿತಿ ಸಂಗ್ರಹಕ್ಕೆ ಎಂಬುದೂ ಅವನಿಗೆ ಗೊತ್ತಿತ್ತು. ಎದುರಿಗೆ ಕೂತವರಿಗೆ ಮಾತ್ರ ಗೊತ್ತಿರಲಿಲ್ಲ.

ಮೊದಲ ಮನೆ ದಿನಸಿ ಅಂಗಡಿಯ ಗುರುವಯ್ಯನವರದು.

"ತಿಂಗಳ ಕೊನೇ ಭಾನುವಾರ ಪೂಜೆ ಇದೆಯಲ್ಲ, ಅದರ ವಿಷಯಕ್ಕೆ ಬಂದೆ" ಎಂದು ಫೈಲು ಬಿಚ್ಚಿದ ಪರಮೇಶ್ವರ. "ಹೋದ ವರ್ಷ ನಿಮ್ಮಲ್ಲಿಂದ ಒಬ್ಬರು. ಅದರ ಹಿಂದಿನ ವರ್ಷ ಒಬ್ಬರು. ಈ ವರ್ಷ ಎಷ್ಟು ಜನ ಆಗಬಹುದು? ಅಮ್ಮ ಬರ್ತಾರ? ಸೊಸೆ? ಮೊಮ್ಮಕ್ಕಳು ಹಾಸ್ಟೆಲಿಂದ ಬಂದಿರ್ತಾರ?"

ಗುರುವಯ್ಯ ಎದ್ದು ನಿಂತುಬಿಟ್ಟರು. ಇಪ್ಪತ್ತು ವರ್ಷದಲ್ಲಿ ಯಾರೂ ತಮ್ಮ ಮನೆಯ ಒಬ್ಬೊಬ್ಬರನ್ನೂ ಹೀಗೆ ವಿಚಾರಿಸಿ ಕರೆದಿರಲಿಲ್ಲ. ಆದರೆ ಕರೆದ ಕೂಡಲೇ 'ನಾವೆಲ್ಲ ಬರ್ತೀವಿ' ಎನ್ನುವುದು ಮರ್ಯಾದೆಯಲ್ಲ. ಅದಕ್ಕೆ, "ಅಯ್ಯೋ ನಾವೆಲ್ಲ ಎಲ್ಲಿ ಬರೋದು ಮೇಷ್ಟ್ರೇ. ಒಬ್ಬರೋ ಇಬ್ಬರೋ ಬಂದ್ರೆ ಬಂದ್ವಿ" ಎಂದರು.

ಪರಮೇಶ್ವರ ಒಂದೂವರೆ ಎಂದು ಬರೆದುಕೊಂಡ.

ಮಾಹಿತಿ ಸಂಗ್ರಹದಲ್ಲಿ ಅವನು ಬಹಳ ನಿಷ್ಠುರ. ಬಂದವರನ್ನು ಮಾತ್ರ ಕೇಳಿದರೆ ಲೆಕ್ಕ ಒಂದು ಕಡೆ ವಾಲುತ್ತದೆ, ಎಂದೂ ಬಾರದವರನ್ನೂ ಕೇಳಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಆದ್ದರಿಂದ ಅವನು ಯಾವತ್ತೂ ಕರೆಯದ ಮನೆಗಳಿಗೂ ಹೋದ. ಅದರಲ್ಲಿ ಗುಡ್ಡದ ಮೇಲಿನ ದೊಡ್ಡ ಎಸ್ಟೇಟಿನ ಬೆಳ್ಳಿಯಪ್ಪನವರದೂ ಒಂದು. ಬೆಳ್ಳಿಯಪ್ಪ ಆಗತಾನೆ ಕಣದಿಂದ ಬಂದು ಬೂಟು ಬಿಚ್ಚುತ್ತಿದ್ದರು.

"ನಿಮ್ಮ ಮನೆಯಿಂದ ತೊಂಬತ್ತೈದರಲ್ಲಿ ಸೊನ್ನೆ" ಎಂದು ಓದಿದ ಪರಮೇಶ್ವರ. "ತೊಂಬತ್ತಾರರಲ್ಲಿ ಸೊನ್ನೆ. ತೊಂಬತ್ತೇಳು ಸೊನ್ನೆ. ತೊಂಬತ್ತೆಂಟು..."

"ಸಾಕು ಮಾರಾಯ್ರೇ" ಎಂದು ಬೆಳ್ಳಿಯಪ್ಪ ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು. "ಎಂಟು ವರ್ಷದ ಬೇಜಾರು ಮನಸ್ಸಲ್ಲಿ ಇಟ್ಕಂಡಿದೀರಲ್ಲ! ಒಂದು ಮಾತು ಹೇಳಬಾರದಾಗಿತ್ತ? ನೀವು ಕರೆದಿದ್ರೂ ನಮಗೇ ಮರೆತುಹೋಗಿತ್ತೋ ಏನೋ."

"ಬೇಜಾರಿಲ್ಲ. ಸೊನ್ನೆಯೂ ನನಗೆ ಮುಖ್ಯವೇ."

"ಅದೇ, ಚುಚ್ಚಬೇಡಿ ಅಂತ ನಾನು ಹೇಳಿದ್ದು. ಈ ಸಲ ನೋಡಿ."

"ಎಷ್ಟು ಅಂತ ಹಾಕ್ಕೊಳ್ಳಲಿ?"

"ಒಬ್ಬರು ಅಂತ ಹಾಕ್ಕೊಳ್ಳಿ" ಎಂದರು ಬೆಳ್ಳಿಯಪ್ಪ, ಮರ್ಯಾದೆಗೆ. ಅವನು ಗೇಟು ದಾಟುವ ಮೊದಲೇ ಒಳಗೆ ಹೋಗಿ ಹೆಂಡತಿಗೆ ಹೇಳಿದರು: "ಭಾನುವಾರ ಎಲ್ಲರೂ ಹೊರಡ್ಬೇಕು. ತೋಟದ ಲೆಕ್ಕ ಬರೆಯೋ ರೈಟರ್ ಮನೆಯವರಿಗೂ ಹೇಳು. ಮೇಷ್ಟ್ರು ಎಂಟು ವರ್ಷ ಎಣಿಸ್ಕಂಡು ಕೂತಿದಾರೆ."

ಹೀಗೆ ಮೂವತ್ತೊಂದು ಮನೆ ಆಯಿತು. ಎಲ್ಲರೂ ಮರ್ಯಾದಸ್ಥರು. ಎಲ್ಲರೂ ಒಬ್ಬರೋ ಇಬ್ಬರೋ ಎಂದರು. ನೆಂಟರನ್ನೂ ಪುರೋಹಿತರನ್ನೂ ಸೇರಿಸಿ, ಹಿಂದೆಲ್ಲ ಬಾರದವರ ಮಾತಿಗೆ ಕಡಿಮೆ ತೂಕ ಕೊಟ್ಟು ಕೂಡಿದರೆ ಬಂದದ್ದು ಅರವತ್ತೊಂಬತ್ತೂವರೆ. ಸರಾಸರಿ ಹೇಳಿದ್ದಕ್ಕೂ ಇದಕ್ಕೂ ಅರ್ಧ ಎಲೆ ವ್ಯತ್ಯಾಸ! ಪರಮೇಶ್ವರ ಆ ಸಂಜೆ ವಾಕಿಂಗಿನಿಂದ ಶಿಳ್ಳೆ ಹಾಕುತ್ತ ಬಂದ. ಹತ್ತು ದಿನದಲ್ಲಿ ಮೂವತ್ತೊಂದು ಲೋಟ ಕಾಫಿ ಕುಡಿದು ಸಕ್ಕರೆ ಏರಿದ್ದು ಆಮೇಲೆ ತಿಳಿದದ್ದು.

ಪೂಜೆಗೆ ಎರಡು ದಿನ ಮುಂಚೆ ಗೋಪಾಲಯ್ಯ ಸಾಮಾನಿನ ಪಟ್ಟಿ ಬರೆಸಲು ಬಂದರು.

"ಎಷ್ಟು ಎಲೆ?"

"ಅರವತ್ತೊಂಬತ್ತು" ಎಂದ ಪರಮೇಶ್ವರ. "ಪ್ಲಸ್ ಆರ್ ಮೈನಸ್ ಹತ್ತು."

"ಪ್ಲಸ್ಸು ಮೈನಸ್ಸು ಬ್ಯಾಟರಿಗೆ ಹೇಳಿ ಮೇಷ್ಟ್ರೇ, ಅನ್ನಕ್ಕೆ ಹೇಳ್ಬೇಡಿ. ಅಕ್ಕಿ ಎಷ್ಟು ಹಾಕ್ಲಿ?"

"ಅರವತ್ತೊಂಬತ್ತಕ್ಕೆ ಹಾಕಿ. ಒಂದು ಸೇರೂ ಹೆಚ್ಚು ಬೇಡ. ಇದು ನನ್ನ ತಮ್ಮನಿಗೆ ಉತ್ತರ."

ಸತ್ಯವತಿ ಎಂಬತ್ತು ಅನ್ನಿ ಎಂದು ಕಣ್ಣಲ್ಲೇ ಹೇಳಿದಳು. ಪರಮೇಶ್ವರ ನೋಡಲಿಲ್ಲ.

ಭಾನುವಾರ ಮೊದಲು ಬಂದವನು ನಾಗಭೂಷಣ. ಬಂದವನೇ ಅಡುಗೆಮನೆಗೆ ಇಣುಕಿ ಪಾತ್ರೆಗಳನ್ನು ಅಳೆದು, ಜಗಲಿಯಲ್ಲಿ ಕಾಲು ಚಾಚಿ ಕೂತ. ಹನ್ನೊಂದಕ್ಕೆ ಗುರುವಯ್ಯನವರ ಮನೆಯವರು ಬಂದರು: ಅಮ್ಮ, ಹೆಂಡತಿ, ಮಗ, ಸೊಸೆ, ಹಾಸ್ಟೆಲಿನಿಂದ ಕರೆಸಿದ ಮೊಮ್ಮಕ್ಕಳು, ಆ ಮೊಮ್ಮಕ್ಕಳ ಒಬ್ಬ ಗೆಳೆಯ. ಆಮೇಲೆ ಒಂದರ ಹಿಂದೆ ಒಂದು ಜೀಪು. ಬೆಳ್ಳಿಯಪ್ಪನವರ ಎಸ್ಟೇಟಿನಿಂದಲೇ ಎರಡು. ರೇಷ್ಮೆ ಸೀರೆಗಳು, ಮಲ್ಲಿಗೆ, ತಟ್ಟೆ ತಟ್ಟೆ ಹಣ್ಣು.

ಕಥೆ ಕೇಳುತ್ತ ಕೂತಿದ್ದ ಸತ್ಯವತಿ ಬಾಗಿಲ ಕಡೆ ತಿರುಗಿ ನೋಡಿದಳು. ಮತ್ತೆ ನೋಡಿದಳು. ಪಕ್ಕದ ಮನೆಯ ಪ್ರೇಮಕುಮಾರಿ ಅತ್ತೆ, ಮಾವ, ಇಬ್ಬರು ನಾದಿನಿಯರೊಂದಿಗೆ ಒಳಗೆ ಬಂದು ಅವಳ ಹತ್ತಿರವೇ ಕೂತಳು.

"ಎಂತ ಪ್ರೇಮಾ, ಎಲ್ಲರೂ ಬಂದ್ರಿ? ಖುಷಿ ಆಯ್ತು" ಎಂದಳು ಸತ್ಯವತಿ, ಖುಷಿಯಾಗದೆ.

"ಬಾರದೆ ಇರೋಕಾಗತ್ತ ಅಕ್ಕ? ಭಾವನೋರೇ ಮನೆಗೆ ಬಂದು, ಕೂತು, ಕಾಫಿ ಕುಡಿದು, ಅತ್ತೆ ಬರ್ತಾರ, ಮಾವ ಬರ್ತಾರ, ಮಂಗಳೂರಲ್ಲಿರೋ ಮಗ ಬರ್ತಾನ ಅಂತ ಒಬ್ಬೊಬ್ಬರನ್ನೇ ಕೇಳಿದಾರೆ. ಮಗ ರಜೆ ಹಾಕಿ ಬಂದಿದಾನೆ ನೋಡಿ, ಅಂಗಳದಲ್ಲಿದಾನೆ. ಊರೆಲ್ಲ ಹೀಗೇ ಕರೆದಿದಾರಂತಲ್ಲ!"

ಸತ್ಯವತಿ ಎದ್ದು ಹೊರಗೆ ಬಂದಳು. ಕಥೆಯ ನಡುವೆಯೇ ಎದ್ದುಬಂದಿದ್ದ ಪರಮೇಶ್ವರ ಗೇಟಿನ ಹತ್ತಿರ ಫೈಲು ಹಿಡಿದು ನಿಂತಿದ್ದ.

"ರೀ, ಅಲ್ಲಿ ಎಂತ ಬರೀತಿದೀರಿ?"

"ನಿಜವಾದ ಸಂಖ್ಯೆ" ಎಂದ ಪರಮೇಶ್ವರ ಸಣ್ಣ ಧ್ವನಿಯಲ್ಲಿ. "ಸತ್ಯಾ, ಐದೂ ಪದ್ಧತಿ ತಪ್ಪಿವೆ. ಇಂಥದ್ದು ಎಲ್ಲೂ ಆಗಿಲ್ಲ."

"ನೀವು ವಾಕಿಂಗ್ ಹೋಗಿದ್ದು ಎಲ್ಲಿಗೆ?"

ಅವನು ಉತ್ತರ ಹೇಳುವಷ್ಟರಲ್ಲಿ ಹೊರನಾಡು ಬಸ್ಸು ಬಂತು. ರಸ್ತೆಯ ಎರಡೂ ಕಡೆ ಜೀಪು ನಿಂತು ಬಸ್ಸಿಗೆ ದಾರಿ ಇರಲಿಲ್ಲ. ಅದರ ತುಂಬ ದೂರದೂರಿನ ಯಾತ್ರಿಕರು. ಹೊರನಾಡಿನ ದೇವಸ್ಥಾನದಲ್ಲಿ ಬಂದವರಿಗೆಲ್ಲ ಊಟ ಹಾಕುತ್ತಾರೆಂದು ಅವರು ಕೇಳಿದ್ದರು. ಗೇಟಿನೆದುರು ರಾಶಿ ಚಪ್ಪಲಿ, ಒಳಗೆ ಗಂಟೆಯ ಸದ್ದು, ಅಂಗಳದಲ್ಲಿ ಹಾಸಿದ ಬಾಳೆಎಲೆ. ಊರು ಬಂತೆಂದುಕೊಂಡು ಎಲ್ಲರೂ ಇಳಿದರು. ಕೈಕಾಲು ತೊಳೆದು, ಸಾಲಾಗಿ ಕೂತೂಬಿಟ್ಟರು.

ಕೂತವರನ್ನು ಎಬ್ಬಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ರಸ್ತೆ ಬಿಡಿಸಲು ಬಂದ ಪೊಲೀಸಿನವರು ಅರ್ಧ ಗಂಟೆ ಶಿಳ್ಳೆ ಊದಿ, ಕೊನೆಗೆ ಟೋಪಿ ತೆಗೆದಿಟ್ಟು ಎರಡನೆಯ ಪಂಕ್ತಿಗೆ ಕೂತರು.

ನಾಗಭೂಷಣ ಜಗಲಿಯಿಂದ ಎದ್ದು ಬಂದ. ಮುಖದಲ್ಲಿ ಸಮಾಧಾನ. "ಅಣ್ಣ, ನಾನು ಹೇಳಿದ್ನಲ್ಲ. ಮುಂದಿನ ವರ್ಷ ವಸ್ತಾರೆ."

ಪರಮೇಶ್ವರ ಫೈಲು ಮುಚ್ಚಿದ. ಉತ್ತರ ಹೇಳಿದ್ದು ಸತ್ಯವತಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾರಿನ ಬಕೆಟ್ಟು ತಂದು ಮೈದುನನ ಕೈಗೆ ಕೊಟ್ಟಳು. "ಅದೆಲ್ಲ ಆಮೇಲೆ. ಈಗ ಬಡಿಸು."

ಆಮೇಲಿನ ನಾಲ್ಕು ಗಂಟೆ ಕಾಲ ಆ ಮನೆಯಲ್ಲಿ ಶಾಸ್ತ್ರಕ್ಕೆ ಕೆಲಸವಿರಲಿಲ್ಲ. ಗುರುವಯ್ಯ ತಮ್ಮ ಅಂಗಡಿಯ ಬಾಗಿಲು ತೆಗೆಸಿ ಎರಡು ಮೂಟೆ ಅಕ್ಕಿ ತರಿಸಿದರು. ಬೆಳ್ಳಿಯಪ್ಪನವರ ಜೀಪು ಗುಡ್ಡ ಹತ್ತಿ, ಕೊಯ್ಲಿನ ಊಟಕ್ಕೆಂದು ಎಸ್ಟೇಟಿನಲ್ಲಿಟ್ಟಿದ್ದ ದೊಡ್ಡ ಹಂಡೆಯನ್ನು ಹೊತ್ತು ತಂದಿತು. ಪ್ರೇಮಕುಮಾರಿಯ ನಾದಿನಿಯರು ತೋಟದಂಚಿಗೆ ಹೋಗಿ ಒಂದೆಲಗ ಕಿತ್ತು ತಂದು ತಂಬುಳಿ ಮಾಡಿದರು. ಮಜ್ಜಿಗೆ ಯಾವ ಯಾವ ಮನೆಯಿಂದಲೋ ಬಂತು. ಹಿತ್ತಲ ಬಾಳೆಗಿಡಗಳಲ್ಲಿ ಒಂದು ಎಲೆ ಉಳಿಯಲಿಲ್ಲ. ಹೋಳಿಗೆ ಮೊದಲ ಪಂಕ್ತಿಗೆ ಇಡಿ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಕಾಲು. ನಾಲ್ಕನೆಯದಕ್ಕೆ ಗೋಪಾಲಯ್ಯ ಕೈಮುಗಿದು ಬೆಲ್ಲ ಬಡಿಸಿದರು. ಯಾರೂ ಮುಖ ಸಿಂಡರಿಸಲಿಲ್ಲ. ಅಡುಗೆಯಲ್ಲಿ ಅವರವರ ಕೈಯೂ ಇತ್ತಲ್ಲ. ಯಾತ್ರಿಕರಲ್ಲಿ ಒಬ್ಬರು ಹೊರಡುವಾಗ ಸತ್ಯವತಿಯ ಕಾಲಿಗೆ ನಮಸ್ಕಾರ ಮಾಡಿ, "ಸಂಜೆ ಊಟ ಎಷ್ಟು ಗಂಟೆಗಮ್ಮಾ?" ಎಂದು ಕೇಳಿದರು.

ಕೊನೆಯ ಪಂಕ್ತಿ ಎದ್ದಾಗ ನಾಗಭೂಷಣ ಪಂಚೆಯ ತುಂಬ ಸಾರಿನ ಕಲೆಯೊಂದಿಗೆ ಕಂಬಕ್ಕೊರಗಿ ಕೂತಿದ್ದ. ಬೆಳ್ಳಿಯಪ್ಪ ಎಲೆಅಡಿಕೆ ಹಾಕಿಕೊಳ್ಳುತ್ತ ಅವನ ಪಕ್ಕ ಬಂದು ಕೂತರು.

"ಮುಂದಿನ ವರ್ಷ ನಿಮ್ಮನೇಲಂತೆ ಪೂಜೆ? ಮೇಷ್ಟ್ರು ಹೇಳಿದ್ರು."

ನಾಗಭೂಷಣ ತಲೆಯೆತ್ತಿದ.

"ವಸ್ತಾರೆ ಏನು ದೂರ? ಬೆಳಿಗ್ಗೆ ಜೀಪು ಹತ್ತಿದ್ರೆ ಆಯ್ತು. ಎಂಟು ವರ್ಷ ತಪ್ಪಿಸ್ಕಂಡಿದೀವಿ, ಇನ್ನು ಒಂದು ವರ್ಷನೂ ಬಿಡೋದಿಲ್ಲ. ನಮ್ಮ ಕಡೆಯಿಂದ ಎರಡು ಜೀಪು ಅಂತ ಇಟ್ಕಳಿ."

"ನಮ್ಮದೊಂದು" ಎಂದರು ಗುರುವಯ್ಯ. "ನೀವು ಕರೆಯೋಕೆ ಬರ್ಬೇಕು ಅಂತಿಲ್ಲ. ನಾವೇ ಬರ್ತೀವಿ."

"ಹೊಸ ಹಾಲ್ ಇದೆಯಂತೆ" ಎಂದಳು ಪ್ರೇಮಕುಮಾರಿ. "ರಾತ್ರಿ ಉಳಿಯೋಕೂ ಆಗತ್ತೆ."

ನಾಗಭೂಷಣ ತನ್ನ ಹೆಂಡತಿಯ ಕಡೆ ನೋಡಿದ. ಆಕೆ ಮಧ್ಯಾಹ್ನವಿಡೀ ಪಾತ್ರೆ ತೊಳೆದಿದ್ದಳು. ಆಕೆ ತಿರುಗಿ ನೋಡಿದ ನೋಟದಲ್ಲಿ ಏನಿತ್ತೋ, ಅವನು ನೇರ ಎದ್ದು ಅಣ್ಣನ ಹತ್ತಿರ ಬಂದ.

"ಅಣ್ಣ, ಯೋಚನೆ ಮಾಡಿದೆ. ಅಪ್ಪ ನಡೆಸ್ಕಂಡು ಬಂದ ಪೂಜೆ. ಜಾಗ ಬದಲಾಯಿಸೋದು ಸರಿಯಲ್ಲ. ಇಲ್ಲೇ ಇರಲಿ."

"ನಿಮ್ಮ ಹಾಲ್?"

"ಅದಕ್ಕೆ ಅಕ್ಕಿ ಮೂಟೆ ಹಾಕ್ತೀನಿ."

ಸತ್ಯವತಿ ಕಂಬದ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಬೆಳಿಗ್ಗೆಯಿಂದ ಮೊದಲ ಸಲ ಕೂತು, ಒಂದು ಲೋಟ ನೀರು ಕುಡಿದಳು. ಆಮೇಲೆ ಗಂಡನನ್ನು ಊಟಕ್ಕೆ ಕರೆದಳು. ಅವನು ಬರಲಿಲ್ಲ, ಹಿತ್ತಲಲ್ಲಿ ಎಲೆ ಎಣಿಸುತ್ತಿದ್ದ. ಒಟ್ಟು ಮುನ್ನೂರ ಹನ್ನೆರಡು. ಸಂಜೆ ಅದನ್ನು ಕಂಪ್ಯೂಟರಿಗೆ ಹಾಕಿದ. ಸರಾಸರಿ ಅರವತ್ತೊಂಬತ್ತರಿಂದ ತೊಂಬತ್ತಾರಕ್ಕೆ ನೆಗೆಯಿತು. ಮುಗ್ಧ ಪದ್ಧತಿ ಮುನ್ನೂರ ಹನ್ನೆರಡು ಎಂದಿತು. ಯಾವುದು ಸರಿಯೆಂದು ಗೊತ್ತಾಗದೆ ಪರಮೇಶ್ವರ ಬಟ್ಟೆ ಮುಚ್ಚಿದ.

ಮರುವರ್ಷವೂ ಪೂಜೆ ಅದೇ ಮನೆಯಲ್ಲಿ ನಡೆಯಿತು. ಅದಕ್ಕೆ ಮುಂಚಿನ ಎರಡು ವಾರ ಸತ್ಯವತಿ ಗಂಡನನ್ನು ಶಿವಮೊಗ್ಗದ ಅವನ ಅಕ್ಕನ ಮನೆಗೆ ಕಳಿಸಿದ್ದಳು. ಪೂಜೆಯ ದಿನ ಬೆಳಿಗ್ಗೆ ಅವನು ಬಸ್ಸಿನಿಂದ ಇಳಿದಾಗ, ಗೋಪಾಲಯ್ಯನವರಿಗೆ ಸಂಖ್ಯೆ ಹೇಳಿ ಆಗಿತ್ತು.